ಒಂದೇ ಟ್ಯಾಂಕ್ ಪೆಟ್ರೋಲ್‌ನಲ್ಲಿ ಇನ್ನಷ್ಟು ದೂರ: ಬೈಕ್ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಲೇಜ್ ಮಾತು ಬಂದರೆ ಸಾಕು, ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಾರೆ. ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಕೆಲವು ಸುಮ್ನೆ ದುಡ್ಡು ದಂಡ. ಕೆಲವಂತೂ ಅಪಾಯ. ಬಂಕ್ ಸಿಗದ ದಾರಿಯಲ್ಲಿ ದೂರ ಹೋಗುವವರು, ದಿನಾ ಟ್ರಾಫಿಕ್‌ನಲ್ಲಿ ಓಡಾಡುವವರು, ಇಬ್ಬರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಮೊದಲೇ ಹೇಳಿಬಿಡುತ್ತೇನೆ: ಎಲ್ಲಕ್ಕಿಂತ ಜಾಸ್ತಿ ಉಳಿತಾಯ ಕೊಡುವ ಎರಡು ಸಂಗತಿಗೆ ಏನೂ ಖರ್ಚಿಲ್ಲ. ಒಂದು ನಿಮ್ಮ ವೇಗ, ಇನ್ನೊಂದು ನೀವು ಬ್ರೇಕ್ ಹಿಡಿಯುವ ರೀತಿ. ಉಳಿದದ್ದೆಲ್ಲ ಇವುಗಳ ನಂತರ.

ನನ್ನ ಗಾಡಿ ಫುಲ್ ಟ್ಯಾಂಕ್‌ಗೆ ಎಷ್ಟು ಓಡುತ್ತದೆ ಅಂತ ಸರಿಯಾಗಿ ತಿಳಿಯೋದು ಹೇಗೆ?

ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ನೆಟ್ಟಗೆ ಹಿಡಿದುಕೊಳ್ಳಿ. ಟ್ಯಾಂಕ್ ಒಳಗೆ ಕಣ್ಣಿಗೆ ಕಾಣುವ ಒಂದು ಗುರುತಿನವರೆಗೆ ಪೆಟ್ರೋಲ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಆಮೇಲೆ ಎಂದಿನ ಹಾಗೇ ಓಡಿಸಿ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಮೇಲೆ ಅದೇ ಗುರುತಿನವರೆಗೆ ಮತ್ತೆ ತುಂಬಿಸಿ. ಓಡಿದ ದೂರವನ್ನು ಈಗ ಹಿಡಿಸಿದ ಲೀಟರ್‌ನಿಂದ ಭಾಗಿಸಿ. 378 ಕಿ.ಮೀ. ಓಡಿ 8.4 ಲೀಟರ್ ಹಿಡಿಸಿದರೆ ಲೀಟರ್‌ಗೆ 45 ಕಿ.ಮೀ. ಬಂದ ಹಾಗಾಯಿತು.

ಒಂದು ಸಲ ಸೈಡ್ ಸ್ಟ್ಯಾಂಡ್ ಮೇಲೆ, ಇನ್ನೊಂದು ಸಲ ನೆಟ್ಟಗೆ ನಿಲ್ಲಿಸಿ ತುಂಬಿಸಿದರೆ ಲೆಕ್ಕ ಕೆಡುತ್ತದೆ. ಗಾಡಿ ವಾಲಿದಾಗ ಟ್ಯಾಂಕ್‌ನ ಒಂದು ಮೂಲೆ ತುಂಬದೇ ಉಳಿಯುತ್ತದೆ. ಒಂದು ಲೀಟರ್ ಹಾಕಿಸಿ ಎಷ್ಟು ಓಡಿತು ಅಂತ ನೋಡುವುದೂ ಬೇಡ. ಅಷ್ಟು ಚಿಕ್ಕ ಅಳತೆಯಲ್ಲಿ ಒಂದು ಸಣ್ಣ ತಪ್ಪೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ಮೂರ್ನಾಲ್ಕು ಸಲ ತುಂಬಿಸಿ ಅಳೆದರೆ ನಂಬಬಹುದಾದ ಸಂಖ್ಯೆ ಸಿಗುತ್ತದೆ.

ದೂರದ ದಾರಿಗೆ ಲೆಕ್ಕ ಹಾಕುವಾಗ ಸರಾಸರಿಯನ್ನು ಹಿಡಿಯಬೇಡಿ. ಇಷ್ಟು ದಿನ ಬಂದದ್ದರಲ್ಲಿ ಅತಿ ಕಡಿಮೆ ಮೈಲೇಜ್ ಯಾವುದೋ ಅದನ್ನು ಹಿಡಿಯಿರಿ. ಕೈಪಿಡಿಯಲ್ಲಿ ಬರೆದ ಟ್ಯಾಂಕ್ ಅಳತೆಯಲ್ಲಿ ರಿಸರ್ವ್ ಕೂಡ ಸೇರಿರುತ್ತದೆ. ತಳದಲ್ಲಿ ಸ್ವಲ್ಪ ಪೆಟ್ರೋಲ್ ಎಂಜಿನ್‌ಗೆ ಬರದೆ ಉಳಿಯುತ್ತದೆ ಅನ್ನುವುದೂ ನೆನಪಿರಲಿ. 13 ಲೀಟರ್ ಟ್ಯಾಂಕ್ ಇದ್ದರೆ 11 ಲೀಟರ್ ಮಾತ್ರ ನನ್ನದು ಅಂದುಕೊಂಡು ದಾರಿ ಗೊತ್ತುಮಾಡುವುದು ಒಳ್ಳೆಯದು.

ಮೀಟರ್‌ನಲ್ಲಿ ತೋರಿಸುವ ಮೈಲೇಜ್, ಇನ್ನೆಷ್ಟು ದೂರ ಅನ್ನುವ ಸಂಖ್ಯೆ ನಂಬಬಹುದಾ?

ಸುಳಿವು ಅಂತ ನೋಡಬಹುದು, ಪೂರ್ತಿ ನಂಬಬಾರದು. ಆ ಲೆಕ್ಕ ನೀವು ಇತ್ತೀಚೆಗೆ ಹೇಗೆ ಓಡಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಸಮತಟ್ಟು ರಸ್ತೆಯಲ್ಲಿ ನಿಧಾನ ಬಂದು, ಈಗ ಗುಡ್ಡ ಹತ್ತಲು ಶುರುಮಾಡಿದರೆ ಆ ಸಂಖ್ಯೆ ದಡದಡ ಇಳಿಯುತ್ತದೆ. ಟ್ಯಾಂಕ್‌ನ ಮುಳ್ಳು ಕೂಡ ಒಂದೇ ಸಮ ಇಳಿಯುವುದಿಲ್ಲ. ಬೈಕ್ ಟ್ಯಾಂಕ್ ಮೇಲೆ ಅಗಲ, ಕೆಳಗೆ ಕಿರಿದು. ನಡುವೆ ಫ್ರೇಮ್ ಹಾದುಹೋಗಲು ಕಾಲುವೆಯ ಹಾಗೆ ಜಾಗ ಬಿಟ್ಟಿರುತ್ತಾರೆ. ಒಳಗಿನ ಫ್ಲೋಟ್‌ಗೆ ಈ ಆಕಾರದ ಲೆಕ್ಕ ಗೊತ್ತಾಗುವುದಿಲ್ಲ. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಮೊದಲ ಅರ್ಧ ನಿಧಾನ ಇಳಿದು, ಕೊನೆಯ ಅರ್ಧ ಬೇಗ ಮುಗಿಯುತ್ತದೆ. ಟ್ರಿಪ್ ಮೀಟರ್‌ನಷ್ಟು ನಿಯತ್ತಿನ ಸಾಧನ ಇನ್ನೊಂದಿಲ್ಲ. ಪ್ರತಿ ಸಲ ತುಂಬಿಸಿದಾಗ ಸೊನ್ನೆ ಮಾಡುವ ಅಭ್ಯಾಸ ಇಟ್ಟುಕೊಳ್ಳಿ.

ಮೈಲೇಜ್ ಮೇಲೆ ಅತಿ ಜಾಸ್ತಿ ಪರಿಣಾಮ ಮಾಡುವುದು ಯಾವುದು?

ತೆರೆದ ರಸ್ತೆಯಲ್ಲಿ ವೇಗ. ಬೇರೆ ಯಾವುದೂ ಇದರ ಹತ್ತಿರಕ್ಕೂ ಬರುವುದಿಲ್ಲ.

ಗಾಳಿ ಹಿಂದಕ್ಕೆ ತಳ್ಳುವ ಬಲ ವೇಗದ ವರ್ಗದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅದನ್ನು ಎದುರಿಸಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟು. ಬೈಕ್ ಕಾರಿಗಿಂತ ಚಿಕ್ಕದು ನಿಜ, ಆದರೆ ಆಕಾರ ಗಾಳಿಗೆ ಸ್ವಲ್ಪವೂ ಹೊಂದುವುದಿಲ್ಲ. ಸವಾರನ ಎದೆ, ಮೊಣಕಾಲು, ಹ್ಯಾಂಡಲ್, ಕನ್ನಡಿ, ಎಲ್ಲವೂ ಗಾಳಿಯನ್ನು ಸೀಳದೆ ಕದಡುತ್ತವೆ.

ಒಂದು ಲೆಕ್ಕ ನೋಡೋಣ. ನೆಟ್ಟಗೆ ಕೂತ ಸವಾರ, ಗಾಡಿ ಸೇರಿ ಸುಮಾರು 220 ಕೆ.ಜಿ., ಗಾಳಿ ಪರದೆ ಇಲ್ಲದ ಸಾಮಾನ್ಯ ಬೈಕ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು 8 ಕೆ.ಜಿ. ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. 80ರಲ್ಲಿ ಅದು 15 ಕೆ.ಜಿ. ಆಗುತ್ತದೆ. 100ರಲ್ಲಿ ಸುಮಾರು 23 ಕೆ.ಜಿ. ಟೈರ್ ಉರುಳುವ ಪ್ರತಿರೋಧ ಮಾತ್ರ ಹೆಚ್ಚುಕಡಿಮೆ ಒಂದೇ ಇರುತ್ತದೆ, ಸುಮಾರು 4 ಕೆ.ಜಿ. ಎರಡನ್ನೂ ಕೂಡಿದರೆ 60ಕ್ಕಿಂತ 100ರಲ್ಲಿ ಪ್ರತಿ ಕಿಲೋಮೀಟರ್‌ಗೆ ಎರಡು ಪಟ್ಟಿಗಿಂತ ಜಾಸ್ತಿ ಕೆಲಸ ಆಗಬೇಕು. ಹೊರೆ ಏರಿದಾಗ ಎಂಜಿನ್ ಸ್ವಲ್ಪ ಚೆನ್ನಾಗಿ ದುಡಿಯುವುದರಿಂದ ಮೈಲೇಜ್ ಪೂರ್ತಿ ಅರ್ಧಕ್ಕೆ ಬೀಳುವುದಿಲ್ಲ. ಆದರೂ ಮೂರನೇ ಒಂದು ಭಾಗ ಕುಸಿಯುವುದು ಮಾಮೂಲು.

ಸಮಯದ ಕಡೆಯಿಂದಲೂ ನೋಡಿ. 100 ಕಿ.ಮೀ. ದಾರಿಗೆ 100ರ ವೇಗದಲ್ಲಿ ಒಂದು ಗಂಟೆ, 80ರಲ್ಲಿ ಒಂದೂಕಾಲು ಗಂಟೆ. ಉಳಿದದ್ದು ಹದಿನೈದು ನಿಮಿಷ. ಆ ವೇಗದಿಂದಾಗಿ ದಾರಿಯಲ್ಲಿ ಒಂದು ಸಲ ಜಾಸ್ತಿ ಪೆಟ್ರೋಲ್ ಹಾಕಿಸಬೇಕಾಗಿ ಬಂದರೆ ಅದರಲ್ಲಿ ಎಷ್ಟೋ ನಿಮಿಷ ಬಂಕ್‌ನಲ್ಲೇ ಹೋಗುತ್ತದೆ.

ಹಾಗಾದ್ರೆ ತುಂಬಾ ನಿಧಾನ ಹೋದರೆ ಇನ್ನೂ ಒಳ್ಳೆಯದಲ್ವಾ?

ಒಂದು ಮಿತಿಯವರೆಗೆ ಮಾತ್ರ. ಎಂಜಿನ್ ತಿರುಗುತ್ತಿರಲು, ಅದರ ಒಳಗಿನ ಘರ್ಷಣೆ ಮೀರಲು, ಲೈಟ್ ಉರಿಯಲು, ಪಂಪ್ ಓಡಲು ಗಾಡಿ ಎಷ್ಟೇ ನಿಧಾನ ಇದ್ದರೂ ಪೆಟ್ರೋಲ್ ಬೇಕೇ ಬೇಕು. ತೀರಾ ನಿಧಾನವಾದರೆ ಈ ಖರ್ಚನ್ನೇ ಹೊತ್ತು ದೂರ ಸಾಗುವುದಿಲ್ಲ. ಟಾಪ್ ಗೇರ್‌ನಲ್ಲಿ ಎಂಜಿನ್ ಜಗ್ಗದೆ, ಅದುರದೆ, ಸಲೀಸಾಗಿ ಎಳೆಯುವ ಅತಿ ಕಡಿಮೆ ವೇಗ ಯಾವುದೋ ಅದರ ಸ್ವಲ್ಪ ಮೇಲೆ ಒಳ್ಳೆಯ ಮೈಲೇಜ್ ಸಿಗುತ್ತದೆ. ಚಿಕ್ಕ ಎಂಜಿನ್ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 40ರಿಂದ 55ರ ನಡುವೆ ಇರುತ್ತದೆ, ದೊಡ್ಡ ಗಾಡಿಗಳಲ್ಲಿ ಇನ್ನೂ ಮೇಲೆ.

ಆದರೆ ಲಾರಿಗಳು ರಭಸದಿಂದ ಓಡುವ ಹೆದ್ದಾರಿಯಲ್ಲಿ ನೀವೊಬ್ಬರೇ 45ರಲ್ಲಿ ಹೋಗುವುದು ಸರಿಯಲ್ಲ. ಹಿಂದಿನವರಿಗೆ ನಿಮ್ಮ ವೇಗ ಅಂದಾಜು ಸಿಗುವುದಿಲ್ಲ. ಸುತ್ತಲಿನ ವಾಹನಗಳ ವೇಗಕ್ಕೆ ಹೊಂದಿಕೊಂಡು, ಅದರೊಳಗೆ ಆದಷ್ಟು ಕಡಿಮೆ ಇಡಿ. ಲಾರಿಯ ಬೆನ್ನಿಗೆ ಅಂಟಿಕೊಂಡು ಅದರ ಗಾಳಿ ಮರೆಯಲ್ಲಿ ಹೋಗುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅಷ್ಟು ಹತ್ತಿರದಲ್ಲಿ ಮುಂದಿನ ಗುಂಡಿಯೂ ಕಾಣುವುದಿಲ್ಲ, ಲಾರಿ ಬ್ರೇಕ್ ಹಾಕಿದರೆ ನಿಲ್ಲಲು ಜಾಗವೂ ಇರುವುದಿಲ್ಲ. ದಯವಿಟ್ಟು ಬೇಡ.

ನಾನು ಓಡಾಡುವುದೆಲ್ಲ ಟ್ರಾಫಿಕ್‌ನಲ್ಲಿ. ಅಲ್ಲಿ ಏನು ಮಾಡಬಹುದು?

ಅಲ್ಲಿ ಗಾಳಿಗಿಂತ ಬ್ರೇಕ್ ದುಬಾರಿ. ಗಾಡಿಗೆ ವೇಗ ಕೊಡಲು ಪೆಟ್ರೋಲ್ ಸುಟ್ಟಿರುತ್ತೀರಿ. ಬ್ರೇಕ್ ಹಿಡಿದಾಗ ಆ ಶಕ್ತಿಯೆಲ್ಲ ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. 220 ಕೆ.ಜಿ. ತೂಕವನ್ನು 60ರ ವೇಗಕ್ಕೆ ತರಲು ಎಂಜಿನ್‌ಗೆ ಬೇಕಾಗುವ ಪೆಟ್ರೋಲ್ ಸುಮಾರು 5 ಮಿ.ಲೀ. ಅಂದರೆ ಪ್ರತಿ ಸಲ 60ರಿಂದ ಗಕ್ಕನೆ ನಿಂತಾಗ ಒಂದು ಟೀ ಚಮಚ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಇನ್ನೂರು ಸಲ ಹೀಗೆ ನಿಂತರೆ ಹತ್ತಿರ ಹತ್ತಿರ ಒಂದು ಲೀಟರ್. 80ರಿಂದ ನಿಂತರೆ ಪ್ರತಿ ಸಲ 8 ಮಿ.ಲೀ.ಗಿಂತ ಜಾಸ್ತಿ.

ಹಾಗಾಗಿ ದೂರ ನೋಡಿ ಓಡಿಸುವುದೇ ದೊಡ್ಡ ವಿದ್ಯೆ. ಇನ್ನೂರು ಮೀಟರ್ ಮುಂದೆ ಕೆಂಪು ದೀಪ ಕಂಡಿತು ಅಂದುಕೊಳ್ಳಿ. ಅಭ್ಯಾಸದ ಬಲದಿಂದ ಹೆಚ್ಚಿನವರು ಸಿಗ್ನಲ್ ತನಕ ಎಕ್ಸಲರೇಟರ್ ಕೊಟ್ಟು, ಕೊನೆಯ ಮೂವತ್ತು ಮೀಟರ್‌ನಲ್ಲಿ ಬ್ರೇಕ್ ಒತ್ತುತ್ತಾರೆ. ಅದರ ಬದಲು ದೀಪ ಕಂಡ ತಕ್ಷಣ ಎಕ್ಸಲರೇಟರ್ ಪೂರ್ತಿ ಬಿಡಿ. ಕ್ಲಚ್ ಹಿಡಿಯಬೇಡಿ, ಗೇರ್‌ನಲ್ಲೇ ಇರಲಿ. ಗಾಡಿ ತಾನಾಗಿ ನಿಧಾನವಾಗುತ್ತದೆ. ಕನ್ನಡಿಯಲ್ಲಿ ಹಿಂದಿನವರನ್ನು ಒಮ್ಮೆ ನೋಡಿಕೊಳ್ಳಿ. ಎಷ್ಟೋ ಸಲ ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಹಸಿರು ಬಂದಿರುತ್ತದೆ, ಗಾಡಿ ಇನ್ನೂ 20ರಲ್ಲಿ ಉರುಳುತ್ತಿರುತ್ತದೆ. 20ರಿಂದ 40ಕ್ಕೆ ಏರುವುದು ಸೊನ್ನೆಯಿಂದ ಏರುವುದಕ್ಕಿಂತ ಅಗ್ಗ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್ ಎರಡೂ ಬಾಳಿಕೆ ಬರುತ್ತವೆ.

ಮುಂದಿನ ವಾಹನದಿಂದ ಸಾಕಷ್ಟು ಅಂತರ ಬಿಡುವುದೂ ಇದಕ್ಕೇ. ಅಂತರ ಇದ್ದರೆ ಅವರು ಬ್ರೇಕ್ ಮುಟ್ಟಿದಾಗಲೆಲ್ಲ ನೀವು ಮುಟ್ಟಬೇಕಾಗಿಲ್ಲ, ಎಕ್ಸಲರೇಟರ್ ಬಿಟ್ಟರೆ ಸಾಕಾಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದಾ? ಎಂಜಿನ್ ಆಫ್ ಮಾಡಿದರೆ?

ಇಂಜೆಕ್ಷನ್ ಗಾಡಿಯಲ್ಲಿ, ಅಂದರೆ ಎಂಜಿನ್‌ಗೆ ಬೇಕಾದಷ್ಟು ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಚಿಮ್ಮಿಸುವ ಗಾಡಿಯಲ್ಲಿ, ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲಿ ಇಳಿಯುವಾಗ, ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುತ್ತಿದ್ದರೆ, ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಮಾಡಿದ ಕ್ಷಣ ಎಂಜಿನ್ ಆರದಂತೆ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕಾಗುತ್ತದೆ. ಅಂದರೆ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲ್‌ನಿಂದ ಉಳಿತಾಯ ಇಲ್ಲ, ಖರ್ಚು ಇದೆ. ಒಳಗೆ ಹೋಗುವ ಗಾಳಿಯೇ ಪೆಟ್ರೋಲನ್ನು ಎಳೆದುಕೊಳ್ಳುವ ಹಳೆಯ ಬಗೆಯ ಕಾರ್ಬುರೇಟರ್ ಗಾಡಿಯಲ್ಲಿ ಪೂರೈಕೆ ಹೀಗೆ ಪೂರ್ತಿ ನಿಲ್ಲುವುದಿಲ್ಲ. ಆದರೂ ಇಳಿಜಾರಿನಲ್ಲಿ ಗೇರ್ ಬಿಡಬಾರದು. ಎಂಜಿನ್ ಹಿಡಿತ ತಪ್ಪಿದರೆ ಇಡೀ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಉದ್ದದ ಘಾಟಿಯಲ್ಲಿ ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರೆ ಲೈಟ್, ಇಂಡಿಕೇಟರ್, ಎಬಿಎಸ್ ಎಲ್ಲ ಹೋಗುತ್ತವೆ. ಉಳಿಯುವ ನಾಲ್ಕು ಹನಿಗಾಗಿ ಇಷ್ಟೆಲ್ಲ ಕಳೆದುಕೊಳ್ಳಬಾರದು.

ಯಾವ ಗೇರ್‌ನಲ್ಲಿ ಓಡಿಸಬೇಕು?

ಗಾಡಿ ಸಲೀಸಾಗಿ ಎಳೆಯುವ ಅತಿ ಮೇಲಿನ ಗೇರ್‌ನಲ್ಲಿ. ಒಂದೇ ವೇಗಕ್ಕೆ ಕೆಳಗಿನ ಗೇರ್‌ನಲ್ಲಿ ಎಂಜಿನ್ ಜಾಸ್ತಿ ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಒಳಗಿನ ಘರ್ಷಣೆಗೆ ಪೆಟ್ರೋಲ್ ಖರ್ಚು. ಬೇಗ ಗೇರ್ ಏರಿಸಿ, ಆದರೆ ಎಂಜಿನ್ ಜಗ್ಗುವಷ್ಟು ಬೇಗ ಬೇಡ. ಎಕ್ಸಲರೇಟರ್ ಕೊಟ್ಟರೂ ವೇಗ ಏರದೆ ಎಂಜಿನ್ ಗುಡುಗುಡು ಅಂತ ಅದುರಿದರೆ, ಲೋಹ ಬಡಿದ ಹಾಗೆ ಟಕಟಕ ಸದ್ದು ಬಂದರೆ, ಒಂದು ಗೇರ್ ಇಳಿಸಿ. ಹಾಗೆ ಜಗ್ಗಿಸುವುದರಿಂದ ಮೈಲೇಜೂ ಇಲ್ಲ, ಬೇರಿಂಗ್, ಪಿಸ್ಟನ್‌ಗೂ ಕೇಡು. ಹಾಫ್ ಕ್ಲಚ್‌ನಲ್ಲಿ ತೆವಳುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಬೇಕಾ?

ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ಹೌದು. ಬಿಸಿಯಾದ ಇಂಜೆಕ್ಷನ್ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಬಳಸುವ ಪೆಟ್ರೋಲ್ ಬಹಳ ಕಡಿಮೆ. ಬ್ಯಾಟರಿ ದುರ್ಬಲವಾಗಿದ್ದರೆ ಮಾತ್ರ ಯೋಚಿಸಿ.

ಟೈರ್ ಗಾಳಿಯಿಂದ ನಿಜವಾಗಿಯೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಗಾಳಿ ಕಡಿಮೆ ಇದ್ದರೆ ಟೈರ್ ಪ್ರತಿ ಸುತ್ತಿಗೂ ಜಾಸ್ತಿ ಬಾಗಿ ನೇರವಾಗುತ್ತದೆ. ಆ ಬಾಗುವಿಕೆಯಲ್ಲೇ ಶಕ್ತಿ ಬಿಸಿಯಾಗಿ ಹೋಗುತ್ತದೆ. ಗಾಳಿಯನ್ನು ಟೈರ್ ತಣ್ಣಗಿದ್ದಾಗ ನೋಡಬೇಕು. ಓಡಿ ಬಿಸಿಯಾದ ಟೈರ್‌ನಲ್ಲಿ ಒತ್ತಡ ಏರಿರುತ್ತದೆ, ಅದನ್ನು ನೋಡಿ ಜಾಸ್ತಿ ಇದೆ ಅಂತ ಗಾಳಿ ತೆಗೆದರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಎಷ್ಟಿರಬೇಕು ಅನ್ನುವುದು ಕೈಪಿಡಿಯಲ್ಲಿ, ಎಷ್ಟೋ ಗಾಡಿಗಳ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ ಮೇಲಿನ ಚೀಟಿಯಲ್ಲೂ ಇರುತ್ತದೆ. ಹಿಂದೆ ಒಬ್ಬರು ಕೂತರೆ ಬೇರೆ ಅಳತೆ, ಗಮನಿಸಿ. ಮೈಲೇಜ್ ಆಸೆಗೆ ಅದಕ್ಕಿಂತ ಜಾಸ್ತಿ ತುಂಬಿಸಬೇಡಿ. ಟೈರ್ ನೆಲ ಹಿಡಿಯುವ ಜಾಗ ಕಿರಿದಾಗುತ್ತದೆ. ಒದ್ದೆ ರಸ್ತೆಯಲ್ಲಿ ಅದು ಜೀವದ ಮಾತು.

ಮನೆಯಲ್ಲೇ ನೋಡಬಹುದಾದ ಇನ್ನೇನಿದೆ?

ಹಿಂದಿನ ಚಕ್ರ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ, ಎಂಜಿನ್ ಆಫ್ ಇರಲಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ. ಕೈ ಬಿಟ್ಟ ಮೇಲೂ ಅದು ಸ್ವಲ್ಪ ತಿರುಗಬೇಕು. ಚೈನ್ ಎಳೆಯುವುದರಿಂದ ಮುಂದಿನ ಚಕ್ರದಷ್ಟು ತಿರುಗುವುದಿಲ್ಲ, ಆದರೆ ತಕ್ಷಣ ನಿಲ್ಲಬಾರದು. ನಿಂತರೆ ಕಿವಿಗೊಟ್ಟು ಕೇಳಿ. ಸುತ್ತಿನ ಒಂದು ಜಾಗದಲ್ಲಿ ಮಾತ್ರ ಸರ್ ಅಂತ ಸದ್ದಾದರೆ ಡಿಸ್ಕ್ ಅಥವಾ ಡ್ರಮ್ ಸ್ವಲ್ಪ ಸೊಟ್ಟಗಾಗಿರಬಹುದು. ಸುತ್ತಿಡೀ ಉಜ್ಜಿದ ಸದ್ದಾದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಗರಗರ ಅಂದರೆ ಬೇರಿಂಗ್. ಸ್ವಲ್ಪ ದೂರ ಬ್ರೇಕ್ ಬಳಸದೆ ಓಡಿಸಿ ಬಂದು, ಕೈಯನ್ನು ಡಿಸ್ಕ್ ಹತ್ತಿರ ಹಿಡಿದರೂ ತಿಳಿಯುತ್ತದೆ. ಬ್ರೇಕ್ ಹಿಡಿಯದೆಯೂ ಡಿಸ್ಕ್ ಕಾದಿದ್ದರೆ ಪ್ಯಾಡ್ ಅಂಟಿಕೊಂಡಿದೆ. ಮುಟ್ಟಬೇಡಿ, ಸುಡುತ್ತದೆ.

ಆಮೇಲೆ ಚೈನ್. ಧೂಳು, ಹಳೆಯ ಗ್ರೀಸ್ ಸೇರಿ ಕಪ್ಪಗೆ ಗಟ್ಟಿಯಾದ ಚೈನ್ ಎಂಜಿನ್‌ನ ಶಕ್ತಿಯನ್ನು ದಾರಿಯಲ್ಲೇ ತಿನ್ನುತ್ತದೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಿಂದ ಬ್ರಷ್ ಹಾಕಿ ತೊಳೆದು, ಒಣಗಿಸಿ, ಒಳಗಿನ ಬದಿಗೆ ಲೂಬ್ ಹಾಕಿ. ಓಡಿ ಬಂದು ಚೈನ್ ಬೆಚ್ಚಗಿರುವಾಗ ಹಾಕಿದರೆ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಈ ಕೆಲಸವನ್ನು ಎಂಜಿನ್ ಆನ್ ಮಾಡಿ, ಚಕ್ರ ತಿರುಗಿಸುತ್ತಾ ಯಾವತ್ತೂ ಮಾಡಬೇಡಿ. ಬೆರಳು ಸಿಕ್ಕಿಕೊಂಡರೆ ಉಳಿಯುವುದಿಲ್ಲ. ಚೈನ್ ತೀರಾ ಬಿಗಿ ಇದ್ದರೂ ನಷ್ಟವೇ. ಹೆಚ್ಚಿನ ಗಾಡಿಗಳಲ್ಲಿ ನಡುವೆ ಒತ್ತಿದರೆ 20ರಿಂದ 30 ಮಿ.ಮೀ. ಆಡಬೇಕು. ಸರಿಯಾದ ಅಳತೆಗೆ ಕೈಪಿಡಿ ನೋಡಿ.

ಏರ್ ಫಿಲ್ಟರ್, ಆಯಿಲ್?

ಕಾರ್ಬುರೇಟರ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಅಂಶ ಜಾಸ್ತಿಯಾಗುತ್ತದೆ. ಹೊಗೆ ಕಪ್ಪಗೆ ಬರುತ್ತದೆ, ಮೈಲೇಜ್ ಇಳಿಯುತ್ತದೆ. ಇಂಜೆಕ್ಷನ್ ಗಾಡಿ ಬರುವ ಗಾಳಿಗೆ ತಕ್ಕಂತೆ ಪೆಟ್ರೋಲ್ ಸರಿಹೊಂದಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಪಿಕಪ್ ಕಡಿಮೆಯಾಗುವುದೇ ಮೊದಲು ತಿಳಿಯುತ್ತದೆ. ಆಯಿಲ್ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಇರಲಿ. ಘರ್ಷಣೆ ಕಡಿಮೆ ಮಾಡುತ್ತದೆ ಅಂತ ಕಾರಿನ ಆಯಿಲ್ ಹಾಕುವವರಿದ್ದಾರೆ. ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಆ ಆಯಿಲ್‌ನಿಂದ ಕ್ಲಚ್ ಜಾರಲು ಶುರುವಾಗಬಹುದು. ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ, ಅದು ಇಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು.

ಮೈಲೇಜ್ ಇದ್ದಕ್ಕಿದ್ದ ಹಾಗೆ ಬಿದ್ದುಹೋಗಿದೆ. ಎಲ್ಲಿಂದ ಹುಡುಕಲಿ?

ಮೊದಲು ಪೆಟ್ರೋಲ್ ಸೋರುತ್ತಿದೆಯಾ ಅಂತ ಮೂಗಿನಿಂದ ನೋಡಿ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ವಾಸನೆ ಬರುತ್ತಿದ್ದರೆ ಪೈಪ್, ಕಾಕ್ (ಟ್ಯಾಂಕ್ ಕೆಳಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ತಿರುಪು), ಕಾರ್ಬುರೇಟರ್ ನೋಡಿಸಿ. ಇದು ಬೆಂಕಿಯ ಅಪಾಯ, ತಡ ಮಾಡಬೇಡಿ. ಆಮೇಲೆ ಚೋಕ್ ಎಳೆದೇ ಉಳಿದಿದೆಯಾ ನೋಡಿ. ಮೇಲಿನ ಗೇರ್‌ನಲ್ಲಿ ಎಕ್ಸಲರೇಟರ್ ಕೊಟ್ಟಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎಂಜಿನ್ ದೀಪ ಹತ್ತಿದ್ದರೆ ಸೆನ್ಸರ್ ಕೆಟ್ಟಿರಬಹುದು. ಆಕ್ಸಿಜನ್ ಸೆನ್ಸರ್ ಅಥವಾ ಎಂಜಿನ್ ಬಿಸಿ ಅಳೆಯುವ ಸೆನ್ಸರ್ ತಪ್ಪು ಹೇಳಿದರೆ ಗಾಡಿ ಬೇಕಿಲ್ಲದಷ್ಟು ಪೆಟ್ರೋಲ್ ಕುಡಿಯುತ್ತದೆ. ಇವು ಯಾವುವೂ ಅಲ್ಲದಿದ್ದರೆ ಓಡಾಟ ಬದಲಾಗಿದೆಯಾ ಯೋಚಿಸಿ. ಮೂರು ನಾಲ್ಕು ಕಿ.ಮೀ. ಓಡಾಟವೇ ಜಾಸ್ತಿಯಾದರೆ ಎಂಜಿನ್ ಬಿಸಿಯಾಗುವ ಮುಂಚೆಯೇ ಆಫ್ ಆಗುತ್ತಿರುತ್ತದೆ, ತಣ್ಣನೆಯ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು.

ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಜಾಸ್ತಿ ಓಡುತ್ತದಾ? ಎಥನಾಲ್ ಬೆರೆಸಿದ್ದರೆ?

ಆಕ್ಟೇನ್ ಸಂಖ್ಯೆ ಅಂದರೆ ಪೆಟ್ರೋಲ್‌ನ ಶಕ್ತಿ ಅಲ್ಲ. ಒತ್ತಡದಲ್ಲಿ ಹೊತ್ತಿಗೆ ಮುಂಚೆ ತಾನಾಗಿ ಉರಿಯದೆ ತಡೆದುಕೊಳ್ಳುವ ಗುಣ. ನಿಮ್ಮ ಕೈಪಿಡಿ 91 ಸಾಕು ಅಂದರೆ 95 ಹಾಕಿ ಸಿಗುವ ಲಾಭ ಏನೂ ಇಲ್ಲ. 95 ಬೇಕು ಅಂದ ಗಾಡಿಗೆ 91 ಹಾಕುವುದು ಮಾತ್ರ ತಪ್ಪು.

ಎಥನಾಲ್ ಮಾತು ಬೇರೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಎಥನಾಲ್‌ನಲ್ಲಿ ಸುಮಾರು 21. ಲೆಕ್ಕ ಹಾಕಿದರೆ ಶೇ. 10 ಬೆರೆಸಿದ ಪೆಟ್ರೋಲ್‌ನಲ್ಲಿ ಶೇ. 3ರಷ್ಟು, ಶೇ. 20 ಬೆರೆಸಿದ್ದರಲ್ಲಿ ಶೇ. 7ರಷ್ಟು ಶಕ್ತಿ ಕಡಿಮೆ. 400 ಕಿ.ಮೀ. ಓಡುವ ಟ್ಯಾಂಕ್‌ನಲ್ಲಿ ಅದು 25 ಕಿ.ಮೀ.ಗಿಂತ ಜಾಸ್ತಿ. ದೂರದ ದಾರಿಯಲ್ಲಿ ಬೇರೆ ಬಂಕ್‌ನ ಬೇರೆ ಮಿಶ್ರಣ ಹಾಕಿಸಿದಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಗಾಡಿ ಎಷ್ಟು ಮಿಶ್ರಣದವರೆಗೆ ತಡೆಯುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ಹಳೆಯ ಗಾಡಿಗಳ ರಬ್ಬರ್ ಪೈಪ್, ಸೀಲ್ ಎಥನಾಲ್‌ಗೆ ಹಾಳಾಗಬಹುದು.

ಅಯಸ್ಕಾಂತ, ಟ್ಯಾಂಕ್‌ಗೆ ಹಾಕುವ ಮಾತ್ರೆ, ಮೈಲೇಜ್ ಹೆಚ್ಚಿಸುವ ದ್ರವ?

ಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಜಾಸ್ತಿ ಸಾಧನಗಳನ್ನು ಪರಿಶೀಲಿಸಿದೆ. ಅಲ್ಪಸ್ವಲ್ಪ ಲಾಭ ಕಂಡದ್ದು ಬೆರಳೆಣಿಕೆಯಷ್ಟರಲ್ಲಿ. ಆ ದುಡ್ಡಿಗೆ ಒಂದು ಒಳ್ಳೆಯ ಪ್ರೆಶರ್ ಗೇಜ್ ತೆಗೆದುಕೊಳ್ಳಿ.

ಲಗೇಜ್ ಎಲ್ಲಿ ಕಟ್ಟಬೇಕು? ಗಾಳಿ ಪರದೆ ಹಾಕಿಸಬಹುದಾ?

ಟ್ರಾಫಿಕ್‌ನಲ್ಲಿ, ಗುಡ್ಡದಲ್ಲಿ ತೂಕ ಮುಖ್ಯ. ಹೆದ್ದಾರಿಯಲ್ಲಿ ಅಗಲ ಮುಖ್ಯ. ಎರಡು ಬದಿಗೆ ಚಾಚಿದ ದೊಡ್ಡ ಪೆಟ್ಟಿಗೆಗಳು ಖಾಲಿ ಇದ್ದರೂ ಗಾಳಿಗೆ ಗೋಡೆ. ಅದೇ ಸಾಮಾನನ್ನು ನಿಮ್ಮ ಬೆನ್ನ ಹಿಂದೆ, ಸೀಟ್ ಮೇಲೆ, ನಿಮ್ಮ ಮೈಯ ಅಗಲದೊಳಗೆ ಕಟ್ಟಿದರೆ ನಷ್ಟ ತೀರಾ ಕಡಿಮೆ. ಪಟಪಟ ಹಾರುವ ಜಾಕೆಟ್, ಸಡಿಲ ಹಗ್ಗ, ಕವರ್ ಎಲ್ಲ ಬಿಗಿ ಮಾಡಿ. ಪರದೆ ಒಳ್ಳೆಯ ಆಕಾರದ್ದಾದರೆ ಉಪಯೋಗ. ಎದೆಗೆ ಬಡಿಯುವ ಗಾಳಿ ತಪ್ಪಿಸುವ, ಆದರೆ ಅಗಲವಾಗಿ ನೆಟ್ಟಗೆ ನಿಂತ ಪರದೆ ಗಾಳಿಯನ್ನು ಜಾಸ್ತಿಯೇ ಕದಡಬಹುದು. ಹಾಕಿಸಿದ ಮೇಲೆ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆದು ನೋಡಿ.

ಆಕಾರದಿಂದ ಎಷ್ಟು ಸಾಧ್ಯ ಅನ್ನುವುದಕ್ಕೆ 1980ರ ದಶಕದ ಅಮೆರಿಕದ ಕಥೆ ಒಂದಿದೆ. ವಿನ್ಯಾಸಗಾರ ಕ್ರೇಗ್ ವೆಟರ್ ಬೈಕ್‌ಗಳಿಗೆಂದೇ ಮೈಲೇಜ್ ಸ್ಪರ್ಧೆ ನಡೆಸಿದರು. ಗೆಲ್ಲುತ್ತಿದ್ದವರು ಎಂಜಿನ್ ಜತೆಗೆ ಗಾಡಿಯ ಹೊರಮೈಯನ್ನೂ ಬದಲಿಸಿದವರು: ಸವಾರನನ್ನು ಕೆಳಗೆ ಕೂರಿಸಿ, ಮುಂದೆ ದುಂಡಗೆ ಮುಚ್ಚಿ, ಹಿಂದೆ ಉದ್ದ ಬಾಲ ಕಟ್ಟಿದವರು. ಇದಕ್ಕೆ ಇನ್ನೊಂದು ಮುಖವೂ ಇದೆ. ಮುಂದಿನ ಚಕ್ರವನ್ನೂ ಪೂರ್ತಿ ಮುಚ್ಚುವ ಹೊದಿಕೆಗಳು 1950ರ ದಶಕದ ರೇಸ್‌ಗಳಲ್ಲಿ ಬಂದಿದ್ದವು. ಅಡ್ಡಗಾಳಿಗೆ ಗಾಡಿ ಅಲುಗುತ್ತಿದ್ದುದರಿಂದ 1957ರ ನಂತರ ಅವನ್ನು ನಿಷೇಧಿಸಿದರು. ಮನೆಯಲ್ಲೇ ದೊಡ್ಡ ಹೊದಿಕೆ ಕಟ್ಟಲು ಹೊರಟವರು ಇದನ್ನು ನೆನಪಿಡಬೇಕು.

ಎದುರುಗಾಳಿ, ಚಳಿ, ಎತ್ತರದ ಜಾಗ ಇವುಗಳಿಂದ ಎಷ್ಟು ವ್ಯತ್ಯಾಸ?

ಎದುರುಗಾಳಿ ಅತಿ ಕೆಟ್ಟದ್ದು. ನೀವು 80ರಲ್ಲಿ ಹೋಗುತ್ತಿದ್ದು ಎದುರಿಂದ 20ರ ಗಾಳಿ ಬೀಸಿದರೆ ನಿಮ್ಮ ಎದೆಗೆ ಬಡಿಯುವುದು 100ರ ಗಾಳಿ. ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಂಥ ದಿನ ವೇಗ ಹತ್ತು ಇಳಿಸಿ, ಬಂಕ್ ಕಂಡಾಗ ತುಂಬಿಸಿಕೊಳ್ಳಿ. ಚಳಿಗೆ ಗಾಳಿ ದಟ್ಟ, ಎಂಜಿನ್ ಬಿಸಿಯಾಗುವುದೂ ತಡ. ಎತ್ತರದಲ್ಲಿ ಗಾಳಿ ತೆಳು, ಆದರೆ ಕಾರ್ಬುರೇಟರ್ ಗಾಡಿಗೆ ಅಲ್ಲಿ ಪೆಟ್ರೋಲ್ ಅಂಶ ಜಾಸ್ತಿಯಾಗಿ ಮೈಲೇಜ್ ಇಳಿಯುತ್ತದೆ. ಇಂಜೆಕ್ಷನ್ ಗಾಡಿ ಹೊಂದಿಕೊಳ್ಳುತ್ತದೆ.

ಮುಂದಿನ ಸ್ಪ್ರಾಕೆಟ್‌ಗೆ (ಎಂಜಿನ್ ಬದಿಯಲ್ಲಿ ಚೈನ್ ತಿರುಗಿಸುವ ಹಲ್ಲಿನ ಚಕ್ರ) ಒಂದು ಹಲ್ಲು ಜಾಸ್ತಿ ಹಾಕಿಸಿದರೆ?

14 ಹಲ್ಲಿನ ಬದಲು 15 ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 7ರಷ್ಟು ಕಡಿಮೆ ತಿರುಗುತ್ತದೆ. ಸಮತಟ್ಟು ಹೆದ್ದಾರಿಯಲ್ಲೇ ಜಾಸ್ತಿ ಓಡಿಸುವವರಿಗೆ, ಎಂಜಿನ್‌ಗೆ ಶಕ್ತಿ ಮಿಕ್ಕಿದ್ದರೆ, ಸ್ವಲ್ಪ ಲಾಭ. ಚಿಕ್ಕ ಎಂಜಿನ್, ಹಿಂದೆ ಒಬ್ಬರು, ಗುಡ್ಡದ ದಾರಿ ಅಂದರೆ ಮತ್ತೆ ಮತ್ತೆ ಗೇರ್ ಇಳಿಸಬೇಕಾಗಿ ಲಾಭವೆಲ್ಲ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತದೆ.

ಟ್ಯಾಂಕ್ ಬಾಯಿಯವರೆಗೂ ತುಂಬಿಸಿದರೆ ಜಾಸ್ತಿ ದೂರ ಹೋಗಬಹುದಲ್ವಾ? ಕ್ಯಾನ್‌ನಲ್ಲಿ ಒಯ್ಯಬಹುದಾ?

ಬಾಯಿಯವರೆಗೆ ಬೇಡ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 15 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು 300 ಮಿ.ಲೀ. ಜಾಸ್ತಿ ಜಾಗ ಕೇಳುತ್ತದೆ. ನೆಲದಡಿಯ ತೊಟ್ಟಿಯಿಂದ ಬಂದ ತಣ್ಣನೆಯ ಪೆಟ್ರೋಲ್ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಅದು ಹೊರಗೆ ಬರುತ್ತದೆ, ಇಲ್ಲವೇ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ಇಳಿದು ಅದನ್ನು ಹಾಳು ಮಾಡುತ್ತದೆ. ಒಯ್ಯಲೇಬೇಕಿದ್ದರೆ ಪೆಟ್ರೋಲ್‌ಗೆಂದೇ ಮಾಡಿದ ಕ್ಯಾನ್‌ನಲ್ಲಿ, ಮೇಲೆ ಜಾಗ ಬಿಟ್ಟು, ಸೈಲೆನ್ಸರ್‌ನಿಂದ ದೂರ ಕಟ್ಟಿ. ನೀರಿನ ಬಾಟಲಿ ಯಾವತ್ತೂ ಬೇಡ. ನಿಮ್ಮ ಕಡೆಯ ನಿಯಮವನ್ನೂ ತಿಳಿದುಕೊಳ್ಳಿ.

ರಿಸರ್ವ್ ಅಂದರೆ ಬೇರೆ ಟ್ಯಾಂಕಾ?

ಅಲ್ಲ, ಅದೇ ಟ್ಯಾಂಕ್. ಕಾಕ್ ಇರುವ ಗಾಡಿಯಲ್ಲಿ ಒಳಗೆ ಎರಡು ಬಾಯಿಗಳಿರುತ್ತವೆ, ಒಂದು ಎತ್ತರದಲ್ಲಿ, ಒಂದು ತಳದಲ್ಲಿ. ಆನ್ ಇದ್ದಾಗ ಎತ್ತರದ ಬಾಯಿಯಿಂದ ಬರುತ್ತದೆ. ಪೆಟ್ರೋಲ್ ಅದರ ಕೆಳಗೆ ಇಳಿದಾಗ ಎಂಜಿನ್ ಮುಗ್ಗರಿಸುತ್ತದೆ, ಆಗ ರಿಸರ್ವ್‌ಗೆ ತಿರುಗಿಸುತ್ತೀರಿ. ಇಂಜೆಕ್ಷನ್ ಗಾಡಿಯಲ್ಲಿ ಇದರ ಬದಲು ದೀಪ ಹತ್ತುತ್ತದೆ. ದೀಪ ಹತ್ತಿದ ಮೇಲೆ ಎಷ್ಟು ಲೀಟರ್ ಇರುತ್ತದೆ ಅನ್ನುವುದು ಕೈಪಿಡಿಯಲ್ಲಿದೆ, ಓದಿಟ್ಟುಕೊಳ್ಳಿ. ಇಂಥ ಹೆಚ್ಚಿನ ಗಾಡಿಗಳಲ್ಲಿ ಪಂಪ್ ಟ್ಯಾಂಕ್ ಒಳಗೇ ಇದ್ದು ಪೆಟ್ರೋಲ್‌ನಿಂದಲೇ ತಣ್ಣಗಿರುತ್ತದೆ. ಯಾವಾಗಲೂ ತಳ ಕಾಣುವವರೆಗೆ ಓಡಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ.

ದಾರಿ ಮಧ್ಯೆ ಪೆಟ್ರೋಲ್ ಮುಗಿಯುತ್ತಾ ಬಂತು, ಬಂಕ್ ಇನ್ನೂ ದೂರ. ಈಗ?

ಗಾಬರಿಯಲ್ಲಿ ಬೇಗ ತಲುಪೋಣ ಅಂತ ವೇಗ ಏರಿಸುವವರೇ ಜಾಸ್ತಿ. ಅದರಿಂದ ಇನ್ನೂ ಬೇಗ ಮುಗಿಯುತ್ತದೆ. ಎಡಕ್ಕೆ ಅಥವಾ ಬಲಕ್ಕೆ, ನಿಮ್ಮ ಕಡೆ ನಿಧಾನದ ವಾಹನಗಳು ಹೋಗುವ ಬದಿಗೆ ಬನ್ನಿ. ಟಾಪ್ ಗೇರ್‌ನಲ್ಲಿ 50ರ ಆಸುಪಾಸು ಇಡಿ. ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊಣಕೈ ಒಳಗೆ ತನ್ನಿ. ಎಕ್ಸಲರೇಟರ್ ಒಂದೇ ಸಮ ಹಿಡಿಯಿರಿ. ಏರಿನಲ್ಲಿ ವೇಗ ತುಸು ಇಳಿದರೂ ಪರವಾಗಿಲ್ಲ, ಇಳಿಜಾರಿನಲ್ಲಿ ಅದು ವಾಪಸ್ ಬರುತ್ತದೆ.

ಕಾಕ್ ಇರುವ ಗಾಡಿ ರಿಸರ್ವ್‌ನಲ್ಲೂ ನಿಂತುಹೋದರೆ ಇನ್ನೊಂದು ದಾರಿ ಇದೆ. ಫ್ರೇಮ್ ಹಾದುಹೋಗುವ ಆ ಕಾಲುವೆಯ ಆಚೆ ಬದಿಯಲ್ಲಿ ಸ್ವಲ್ಪ ಪೆಟ್ರೋಲ್ ಸಿಕ್ಕಿಬಿದ್ದಿರಬಹುದು. ರಸ್ತೆ ಬಿಟ್ಟು ಪಕ್ಕಕ್ಕೆ ಬಂದು, ಇಳಿದು, ಕಾಕ್ ಇರುವ ಬದಿಗೆ ಗಾಡಿಯನ್ನು ಚೆನ್ನಾಗಿ ವಾಲಿಸಿ. ಭಾರದ ಗಾಡಿಯಾದರೆ ಇನ್ನೊಬ್ಬರ ಸಹಾಯ ಪಡೆಯಿರಿ. ಆಚೆಯ ಪೆಟ್ರೋಲ್ ಈಚೆ ಹರಿಯುತ್ತದೆ. ಒಂದೆರಡು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಕೆಲವು ಕಿಲೋಮೀಟರ್ ಸಿಗಬಹುದು. ಇಂಜೆಕ್ಷನ್ ಗಾಡಿ ಪೂರ್ತಿ ಒಣಗಿ ನಿಂತಿದ್ದರೆ ಪೆಟ್ರೋಲ್ ಹಾಕಿದ ಮೇಲೆ ತಕ್ಷಣ ಸೆಲ್ಫ್ ಒತ್ತಬೇಡಿ. ಕೀ ಆನ್ ಮಾಡಿ, ಪಂಪ್ ಗುಂಯ್ ಅಂದು ನಿಲ್ಲುವವರೆಗೆ ಕಾದು, ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಪೈಪ್‌ನಲ್ಲಿ ಒತ್ತಡ ತುಂಬುತ್ತದೆ, ಬ್ಯಾಟರಿ ಉಳಿಯುತ್ತದೆ. ಕಾಕ್ ಇರುವ ಗಾಡಿಯಾದರೆ ಬಂಕ್‌ನಿಂದ ಹೊರಡುವ ಮುಂಚೆ ಅದನ್ನು ರಿಸರ್ವ್‌ನಿಂದ ಆನ್‌ಗೆ ತಿರುಗಿಸಿ. ಮರೆತರೆ ಮುಂದಿನ ಸಲ ಎಂಜಿನ್ ಮುಗ್ಗರಿಸಿ ಎಚ್ಚರಿಸುವುದಿಲ್ಲ, ಟ್ಯಾಂಕ್ ಪೂರ್ತಿ ಒಣಗಿದ ಮೇಲೆಯೇ ನಿಲ್ಲುತ್ತದೆ.